ಪವಿತ್ರ ಗ್ರಂಥದ ಕಠಿಣ ಪುಟಗಳು: ಧರ್ಮಸಭೆ ಅವನ್ನು ಓದಿಕೊಂಡು ಬಂದ ಬಗೆ

ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಯ ಇತರ ಪುಟಗಳು ದೇವಾಲಯದ ಕಟ್ಟಡ, ಹಿಂದಿನ ಗುರುಗಳು, ಭಗಿನಿಯರ ಸೇವೆ, ಸಂಘಸಂಸ್ಥೆಗಳು ಇವುಗಳ ವೃತ್ತಾಂತವನ್ನು ಹೇಳುತ್ತವೆ. ನಮ್ಮ ಪಾಲಿಗೆ ಬಂದಿರುವ ಪುಟಗಳಲ್ಲಿ ನಾವು ಬೇರೊಂದು ಚರಿತ್ರೆಯನ್ನು ಹೇಳಬಯಸುತ್ತೇವೆ. ನೂರು ವರ್ಷಗಳ ಹಿಂದೆ ಬಲಿಪೂಜೆಯಲ್ಲಿ ದೇವರ ವಾಕ್ಯ ಲತೀನ್ ಭಾಷೆಯಲ್ಲಿ ಓದಲ್ಪಡುತ್ತಿತ್ತು. ನಮ್ಮ ಹಿರಿಯರು ಪವಿತ್ರ ಗ್ರಂಥವನ್ನು ಅರಿತದ್ದು ಜಪಮಾಲೆಯ ರಹಸ್ಯಗಳಿಂದ, ಶಿಲುಬೆಯ ಹಾದಿಯಿಂದ, ಧರ್ಮೋಪದೇಶದ ಪುಟ್ಟ ಪುಸ್ತಕದಿಂದ. ಯೆಹೋಶುವನ ಯುದ್ಧಗಳಾಗಲಿ, ಯೆಫ್ತಾಹನ ಹರಕೆಯಾಗಲಿ ಅವರ ಕಿವಿಗೆ ಬೀಳುತ್ತಿದ್ದುದು ಅಪರೂಪ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜಾವಿಧಿ ಕನ್ನಡಕ್ಕೆ ಬಂದಿತು. 1969ರ ನೂತನ ವಾಚನಕ್ರಮ ಹಳೆಯ ಒಡಂಬಡಿಕೆಯ ಬಾಗಿಲನ್ನು ಅಗಲವಾಗಿ ತೆರೆಯಿತು. ಮನೆಮನೆಗೂ ಬೈಬಲ್ ಬಂದಿತು. ಬೈಬಲಿನೊಡನೆ ಪ್ರಶ್ನೆಗಳೂ ಬಂದವು.

ಆ ಪ್ರಶ್ನೆಗಳು ಯಾವುವೆಂಬುದನ್ನು ಓದುಗರು ಬಲ್ಲರು. ಯೆರಿಕೋ ಪಟ್ಟಣದ ಗೋಡೆ ಬಿದ್ದ ಮೇಲೆ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಕತ್ತಿಗೆ ತುತ್ತಾದರೆಂದು ಬರೆದಿದೆ. ಅಮಾಲೇಕ್ಯರ ಹಸುಳೆಗಳನ್ನೂ ಉಳಿಸಬಾರದೆಂದು ಸೌಲನಿಗೆ ಆಜ್ಞೆಯಾಯಿತೆಂದು ಬರೆದಿದೆ. 137ನೆಯ ಕೀರ್ತನೆ ಸೆರೆಯಾಳುಗಳ ಕಣ್ಣೀರಿನಿಂದ ಆರಂಭವಾಗಿ, ಬಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಹರಸುವುದರಲ್ಲಿ ಮುಗಿಯುತ್ತದೆ. 'ಸ್ವಾಮಿ, ಇದನ್ನು ದೇವರೇ ಹೇಳಿದರೇ?' ಎಂದು ಕೇಳುವವರಿಗೆ ನಮ್ಮಲ್ಲಿ ಅನೇಕರು ಕೊಡುವ ಉತ್ತರ ಒಂದೇ: 'ಅದು ಹಳೆಯ ಒಡಂಬಡಿಕೆ, ಬಿಡಿ, ಯೇಸುಸ್ವಾಮಿ ಬಂದ ಮೇಲೆ ಅದೆಲ್ಲ ಹೋಯಿತು.' ಉತ್ತರ ಸುಲಭವಾದುದು. ಆದರೆ ಇದೇ ಉತ್ತರವನ್ನು ಎರಡನೆಯ ಶತಮಾನದಲ್ಲಿ ಒಬ್ಬನು ಗಟ್ಟಿಯಾಗಿ ಹೇಳಿದಾಗ ಧರ್ಮಸಭೆ ಅವನನ್ನು ಹೊರಗೆ ಹಾಕಿತು ಎಂಬುದನ್ನು ನಾವು ಮರೆಯುತ್ತೇವೆ.

ಅವನ ಹೆಸರು ಮಾರ್ಸಿಯೋನ್. ಕಪ್ಪು ಸಮುದ್ರದ ದಡದ ಸಿನೋಪೆ ಎಂಬ ಊರಿನವನು, ಹಡಗುಗಳ ಒಡೆಯ, ಸಿರಿವಂತ. ರೋಮಿಗೆ ಬಂದು ಅಲ್ಲಿನ ಸಭೆಗೆ ಎರಡು ಲಕ್ಷ ಸೆಸ್ತೆರ್ಸ್ ನಾಣ್ಯಗಳನ್ನು ಕಾಣಿಕೆಯಾಗಿ ಕೊಟ್ಟನು. ಇಸ್ರಯೇಲರ ದೇವರು ಕೋಪಿಷ್ಠನಾದ ಕೆಳದರ್ಜೆಯ ದೇವರು, ಕ್ರಿಸ್ತರು ತೋರಿಸಿದ ತಂದೆ ಬೇರೆ, ಆದುದರಿಂದ ಹಳೆಯ ಗ್ರಂಥವನ್ನು ಪೂರ್ಣವಾಗಿ ಬಿಟ್ಟುಬಿಡಬೇಕು ಎಂಬುದು ಅವನ ಬೋಧನೆ. ಹಳೆಯದನ್ನು ಬಿಟ್ಟಿದ್ದರೂ ಸಾಲದಾಯಿತು. ಹೊಸದರಲ್ಲಿಯೂ ಹಳೆಯದರ ವಾಸನೆ ಇದ್ದ ಕಡೆಯೆಲ್ಲ ಕತ್ತರಿ ಆಡಿಸಬೇಕಾಯಿತು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಲೂಕನ ಶುಭಸಂದೇಶದ ಒಂದು ಭಾಗ ಮತ್ತು ಸಂತ ಪೌಲರ ಹತ್ತು ಪತ್ರಗಳು ಮಾತ್ರ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು, ಅವನ ಹಣವನ್ನೂ ಹಿಂದಿರುಗಿಸಿತು. ಬಡ ಸಭೆಯೊಂದು ಅಷ್ಟು ದೊಡ್ಡ ಕಾಣಿಕೆಯನ್ನು ಹಿಂದಕ್ಕೆ ಕೊಟ್ಟುದು ನಮ್ಮ ಕಾಲದ ಕಟ್ಟಡ ಸಮಿತಿಗಳು ಕೂಡ ಸ್ವಲ್ಪ ಯೋಚಿಸತಕ್ಕ ವಿಷಯ. ಮುಂದೆ ತೆರ್ತುಲಿಯನ್ ಅವನಿಗೆ ಐದು ಸಂಪುಟಗಳಲ್ಲಿ ಉತ್ತರ ಬರೆದನು. ಕಠಿಣವಾದ ಪುಟಗಳನ್ನು ಹರಿದೊಗೆಯುವುದಿಲ್ಲವೆಂದು ಧರ್ಮಸಭೆ ಅಂದು ತೀರ್ಮಾನಿಸಿತು. ಆದರೆ ಹರಿಯದೆ ಉಳಿಸಿಕೊಂಡ ಪುಟಗಳನ್ನು ಓದುವುದು ಹೇಗೆಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಯಿತು.

ಇದಕ್ಕೆ ಮೊದಲ ಉತ್ತರ ಪವಿತ್ರ ಗ್ರಂಥದೊಳಗೇ ಇದೆ. ಅಹಾಬನ ಮನೆತನವನ್ನು ನಿರ್ಮೂಲ ಮಾಡಲು ಪ್ರವಾದಿಯ ಶಿಷ್ಯನೊಬ್ಬನು ಯೇಹುವನ್ನು ಅಭಿಷೇಕಿಸಿದನೆಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಜೆಸ್ರೀಲಿನಲ್ಲಿ ಹರಿದ ರಕ್ತವನ್ನು ಅದು ಮೆಚ್ಚಿಯೇ ಬರೆಯುತ್ತದೆ. ಸುಮಾರು ಒಂದು ಶತಮಾನದ ತರುವಾಯ ಪ್ರವಾದಿ ಹೊಶೇಯನು ಅದೇ ಜೆಸ್ರೀಲಿನ ರಕ್ತಕ್ಕಾಗಿ ಯೇಹುವಿನ ಮನೆತನ ದಂಡನೆಗೆ ಗುರಿಯಾಗುವುದೆಂದು ಸಾರಿದನು. ಎರಡೂ ವಾಕ್ಯಗಳನ್ನು ಧರ್ಮಸಭೆ ಉಳಿಸಿಕೊಂಡಿದೆ. ಎಲೀಯನಂತೆ ಆಕಾಶದಿಂದ ಬೆಂಕಿ ಸುರಿಸೋಣವೇ ಎಂದು ಯಾಕೋಬ ಯೊವಾನ್ನರು ಸಮಾರ್ಯದ ಹಳ್ಳಿಯೊಂದನ್ನು ಕುರಿತು ಕೇಳಿದಾಗ ಯೇಸುಸ್ವಾಮಿ ಅವರನ್ನು ಗದರಿಸಿದರು. ಎಂದರೆ ಪವಿತ್ರ ಗ್ರಂಥದ ಉದಾಹರಣೆಯನ್ನು ಹಿಂಸೆಗೆ ಆಧಾರವಾಗಿ ತಂದ ಮೊದಲ ಕ್ರೈಸ್ತರು ಪ್ರೇಷಿತರೇ! ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಓದಿದ ಪ್ರಭು, ದೇವರ ಪ್ರತೀಕಾರದ ದಿನವನ್ನು ಹೇಳುವ ಮಾತು ಬರುವ ಮೊದಲೇ ಓದನ್ನು ನಿಲ್ಲಿಸಿ ಸುರುಳಿಯನ್ನು ಮಡಿಚಿ ಕೊಟ್ಟರು.

ಇನ್ನೊಂದನ್ನೂ ಗಮನಿಸಬೇಕು. ಮಗಳಿಗಾಗಿ ಪ್ರಭುವಿನ ಬೆನ್ನು ಬಿಡದೆ ಕೂಗಿದ ಆ ತಾಯಿಯನ್ನು ಸಂತ ಮಾರ್ಕನು ಸಿರಿಯ-ಫೆನಿಷ್ಯದವಳೆಂದು ತನ್ನ ಕಾಲದ ಹೆಸರಿನಿಂದ ಕರೆಯುತ್ತಾನೆ. ಸಂತ ಮತ್ತಾಯನು ಮಾತ್ರ ಅವಳನ್ನು ಕಾನಾನ್ಯಳೆಂದು ಕರೆಯುತ್ತಾನೆ. ಆ ವೇಳೆಗೆ ಕಾನಾನ್ಯರೆಂಬ ಜನಾಂಗವೇ ಹಳೆಯ ಕಥೆಯಾಗಿತ್ತು. ಯೆಹೋಶುವನ ಗ್ರಂಥ ಯಾರನ್ನು ಉಳಿಸಬಾರದೆಂದು ಹೇಳಿತೋ ಆ ಜನರ ಹೆಸರನ್ನೇ ಮತ್ತಾಯನು ಹುಡುಕಿ ತಂದು ಆಕೆಗೆ ಇಟ್ಟು, ಆಕೆಯ ವಿಶ್ವಾಸವನ್ನು ಪ್ರಭುವೇ ಕೊಂಡಾಡಿದುದನ್ನು ಬರೆದನು. ಪ್ರಭುವಿನ ವಂಶಾವಳಿಯಲ್ಲಿ ಯೆರಿಕೋವಿನ ರಾಹಾಬಳನ್ನು ಸೇರಿಸಿದವನೂ ಅವನೇ. ಇದು ಅಕಸ್ಮಾತ್ತಾಗಿ ಆದುದೆಂದು ನಾವು ನಂಬುವುದಿಲ್ಲ.

ಸಭಾಪಿತೃಗಳು ಈ ದಾರಿಯಲ್ಲೇ ನಡೆದರು. ಮೂರನೆಯ ಶತಮಾನದ ನಡುವೆ ಪಲೆಸ್ತೀನದ ಸಿಸೇರಿಯದಲ್ಲಿ ಒರಿಗೆನ್ ಎಂಬ ಮಹಾಪಂಡಿತನು ಯೆಹೋಶುವನ ಗ್ರಂಥವನ್ನು ಕುರಿತು ಪ್ರಬೋಧನೆಗಳನ್ನು ಮಾಡಿದನು. 26 ಪ್ರಬೋಧನೆಗಳು ಲತೀನ್ ಅನುವಾದದಲ್ಲಿ ನಮಗೆ ಉಳಿದಿವೆ. ಅವನು ರಕ್ತವನ್ನು ಪುಸ್ತಕದಲ್ಲಿ ಮಾತ್ರ ಕಂಡವನಲ್ಲ. ಅವನ ತಂದೆ ಧರ್ಮಕ್ಕಾಗಿ ತಲೆಕೊಟ್ಟವರು. ಅವನು ಸ್ವತಃ ಡೇಸಿಯಸ್ ಚಕ್ರವರ್ತಿಯ ಕಾಲದಲ್ಲಿ, 250ರ ಹಿಂಸಾಚಾರದಲ್ಲಿ, ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿದವನು. ಈ ಯುದ್ಧಗಳಿಗೆ ಆತ್ಮಿಕವಾದ ಅರ್ಥವಿಲ್ಲದೆ ಹೋಗಿದ್ದರೆ, ಶಾಂತಿಯನ್ನು ಬೋಧಿಸಲು ಬಂದ ಕ್ರಿಸ್ತರ ಶಿಷ್ಯರು ಓದಲೆಂದು ಪ್ರೇಷಿತರು ಈ ಗ್ರಂಥಗಳನ್ನು ನಮ್ಮ ಕೈಗೆ ಕೊಡುತ್ತಲೇ ಇರಲಿಲ್ಲ ಎಂಬುದು ಅವನ ವಾದದ ತಿರುಳು. ಗ್ರೀಕ್ ಭಾಷೆಯಲ್ಲಿ ಯೆಹೋಶುವ ಮತ್ತು ಯೇಸು ಎಂಬುವು ಒಂದೇ ಹೆಸರು. ಆದುದರಿಂದ ನಮ್ಮ ಯೆಹೋಶುವ ಕ್ರಿಸ್ತರೇ. ಗೆಲ್ಲಬೇಕಾದ ನಾಡು ನಮ್ಮ ಹೃದಯ. ಕೊಲ್ಲಬೇಕಾದ ಕಾನಾನ್ಯ ಅರಸರು ನಮ್ಮೊಳಗಿನ ಕ್ರೋಧ, ಲೋಭ, ಅಹಂಕಾರಗಳು. ಬಾಬಿಲೋನಿನ ಕೂಸುಗಳೆಂದರೆ ಈಗತಾನೆ ಮೊಳೆಯುತ್ತಿರುವ ದುಷ್ಟ ಆಲೋಚನೆಗಳು. ಅವು ಬೆಳೆಯುವ ಮೊದಲೇ ಕ್ರಿಸ್ತರೆಂಬ ಬಂಡೆಗೆ ಅಪ್ಪಳಿಸಬೇಕು. ಸಂತ ಬೆನೆದಿಕ್ತರು ತಮ್ಮ ಮಠದ ನಿಯಮಾವಳಿಯ ಪೀಠಿಕೆಯಲ್ಲಿ ಇದೇ ಅರ್ಥವನ್ನು ಎತ್ತಿಕೊಂಡಿದ್ದಾರೆ.

ಸಂತ ಅಗಸ್ಟೀನರ ಕಥೆ ಇದಕ್ಕಿಂತ ಜಟಿಲವಾದುದು. ತಾರುಣ್ಯದಲ್ಲಿ ಅವರು ಒಂಬತ್ತು ವರ್ಷ ಮಣಿಕೇಯರ ಪಂಥದಲ್ಲಿದ್ದರು. ಹಳೆಯ ಒಡಂಬಡಿಕೆಯ ಪಿತೃಗಳ ನಡತೆಯನ್ನು ಹೀಗಳೆಯುವುದು ಆ ಪಂಥದವರ ನಿತ್ಯದ ಕಸುಬು. ಮಿಲಾನಿನಲ್ಲಿ ಸಂತ ಅಂಬ್ರೋಸರ ಪ್ರಬೋಧನೆಗಳನ್ನು ಕೇಳಿದ ಮೇಲೆಯೇ ಅವರಿಗೆ ಆ ಗ್ರಂಥ ತೆರೆದುಕೊಂಡಿತು. ಮುಂದೆ ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು ಒಂದು ಸೂತ್ರವನ್ನು ಕೊಟ್ಟರು: ಓದಿದ ವಾಕ್ಯ ದೇವರ ಪ್ರೀತಿಗೂ ನೆರೆಯವರ ಪ್ರೀತಿಗೂ ನಮ್ಮನ್ನು ಮುಟ್ಟಿಸುವ ತನಕ ಅದರ ಅರ್ಥವನ್ನು ಹುಡುಕುವುದನ್ನು ಬಿಡಬಾರದು. ಇಷ್ಟು ಒಳ್ಳೆಯ ಸೂತ್ರವನ್ನು ಕೊಟ್ಟ ಅಗಸ್ಟೀನರೇ, ದೋನಾತಿಸ್ಟರೊಡನೆ ನಡೆದ ಕಲಹದಲ್ಲಿ, ಔತಣದ ಸಾಮತಿಯ 'ಬಲವಂತಮಾಡಿ ಕರೆತನ್ನಿ' ಎಂಬ ಅರ್ಥದ ಮಾತನ್ನು ಹಿಡಿದು, ಸಭೆಯಿಂದ ಬೇರೆಯಾದವರ ಮೇಲೆ ರಾಜ್ಯಾಧಿಕಾರದ ಬಲವನ್ನು ಪ್ರಯೋಗಿಸಬಹುದೆಂದು ಸಮ್ಮತಿಸಿದರು. ಆ ಮಾತು ಹಳೆಯ ಒಡಂಬಡಿಕೆಯದಲ್ಲ, ಲೂಕನ ಶುಭಸಂದೇಶದ್ದು. ಕತ್ತಿಯನ್ನು ಹುಡುಕುವ ಕೈಗೆ ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಸಿಕ್ಕ ಕತ್ತಿ ಎಷ್ಟು ದೂರ ಹೋಯಿತೆಂಬುದಕ್ಕೆ ಹದಿನಾರನೆಯ ಶತಮಾನದ ಸ್ಪೇನ್ ಸಾಕ್ಷಿ. 1513ರಲ್ಲಿ ಸ್ಪೇನಿನ ನ್ಯಾಯಪಂಡಿತರು 'ರೆಕೆರಿಮಿಯೆಂತೊ' ಎಂಬ ಒಂದು ಘೋಷಣಾಪತ್ರವನ್ನು ಸಿದ್ಧಪಡಿಸಿದರು. ಅಮೆರಿಕ ಖಂಡದ ಮೂಲನಿವಾಸಿಗಳು ರಾಜನಿಗೆ ಶರಣಾಗಬೇಕು, ಆಗದಿದ್ದರೆ ಯುದ್ಧ, ದಾಸ್ಯ, ಸುಲಿಗೆಗೆ ಅವರೇ ಹೊಣೆ ಎಂದು ಅದನ್ನು ಅವರ ಮುಂದೆ ಓದಬೇಕು. ಯೆಹೋಶುವನು ಯೆರಿಕೋವನ್ನು ಹಿಡಿದಂತೆ, ದೇವರು ವಾಗ್ದತ್ತ ನಾಡನ್ನು ಇಸ್ರಯೇಲರಿಗೆ ಕೊಟ್ಟಂತೆ, ಇಂಡೀಸನ್ನು ಸ್ಪೇನಿಗೆ ಕೊಟ್ಟಿದ್ದಾರೆಂದು ಎನ್ಸಿಸೊ ಎಂಬುವನು ವಾದಿಸಿದನು. ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ, ಕೆಲವೊಮ್ಮೆ ಜನರೇ ಇಲ್ಲದ ಕಡಲತೀರದಲ್ಲಿ ಮರಗಳ ಮುಂದೆ, ಈ ಪತ್ರವನ್ನು ಓದಿ ಕತ್ತಿಯನ್ನು ಹಿರಿಯುತ್ತಿದ್ದರು.

ಈ ಓದನ್ನು ಎದುರಿಸಿದವರೂ ಗುರುಗಳೇ ಎಂಬುದು ನಮ್ಮ ಸಮಾಧಾನ. 1511ರ ಆಗಮನ ಕಾಲದಲ್ಲಿಯೇ ಸಾಂತೊ ದೊಮಿಂಗೊ ಪಟ್ಟಣದಲ್ಲಿ ದೊಮಿನಿಕನ್ ಗುರು ಅಂತೋನಿಯೊ ದೆ ಮೊಂತೆಸಿನೊ ಪೀಠದಿಂದ ವಸಾಹತುಗಾರರ ಕ್ರೌರ್ಯವನ್ನು ಖಂಡಿಸಿದ್ದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರುವಾದರೋ ಕ್ಯೂಬಾ ದ್ವೀಪದಲ್ಲಿ ಮೂಲನಿವಾಸಿಗಳನ್ನು ಜೀತಕ್ಕೆ ಇಟ್ಟುಕೊಂಡು ಸುಖವಾಗಿದ್ದವರು. 1514ರಲ್ಲಿ ಪ್ರಬೋಧನೆಯನ್ನು ಸಿದ್ಧಪಡಿಸಲು ಕುಳಿತಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿದ್ದಿತು. ಬಡವರ ಸೊತ್ತಿನಿಂದ ದೇವರಿಗೆ ಬಲಿ ಅರ್ಪಿಸುವುದು ತಂದೆಯ ಕಣ್ಣೆದುರಿನಲ್ಲಿ ಮಗನನ್ನು ಕೊಂದಂತೆ ಎಂದು ಅಲ್ಲಿ ಹೇಳಿದೆ. ಅವರು ಓದಿದರು, ತಮ್ಮ ಜೀತದಾಳುಗಳನ್ನು ಬಿಡುಗಡೆ ಮಾಡಿದರು, ಉಳಿದ ಐವತ್ತು ವರ್ಷಗಳನ್ನು ಆ ಜನರ ಪರವಾಗಿ ವಾದಿಸುವುದರಲ್ಲಿ ಕಳೆದರು. 'ಹಳೆಯ ಒಡಂಬಡಿಕೆ, ಬಿಡಿ' ಎನ್ನುವವರು ಇದನ್ನು ಗಮನಿಸಬೇಕು: ಎನ್ಸಿಸೊನಿಗೆ ಕತ್ತಿ ಸಿಕ್ಕಿದ್ದು ಯಾವ ಒಡಂಬಡಿಕೆಯಲ್ಲೋ, ಲಾಸ್ ಕಾಸಾಸರಿಗೆ ಮನಸ್ಸಾಕ್ಷಿ ಸಿಕ್ಕಿದ್ದೂ ಅದರಲ್ಲಿಯೇ.

1550ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಹೊಸ ದಂಡಯಾತ್ರೆಗಳನ್ನು ತಡೆಹಿಡಿದು, ಈ ಯುದ್ಧಗಳು ನ್ಯಾಯವೋ ಅನ್ಯಾಯವೋ ಎಂದು ವಿಚಾರಿಸಲು ವಲ್ಲದೊಲಿದ್ ಪಟ್ಟಣದಲ್ಲಿ ಪಂಡಿತರ ಸಭೆಯನ್ನು ಕರೆದನು. ದಂಡಯಾತ್ರೆಯ ಪರವಾಗಿ ವಾದಿಸಿದ ಹುವಾನ್ ಗಿನೆಸ್ ದೆ ಸೆಪುಲ್ವೇದ ಅಮೆರಿಕವನ್ನು ಕಣ್ಣಿನಿಂದಲೂ ಕಂಡವನಲ್ಲ. ವಿಗ್ರಹಾರಾಧನೆಗಾಗಿ ಕಾನಾನ್ಯರು ದಂಡನೆಗೆ ಗುರಿಯಾದುದು ಅವನ ವಾದದ ಒಂದು ಕಂಬ. ಆಗ ಬಿಷಪರಾಗಿದ್ದ ಲಾಸ್ ಕಾಸಾಸರು ಐದು ದಿನಗಳ ಕಾಲ ತಮ್ಮ ಉತ್ತರವನ್ನು ಓದಿದರು. ಕಾನಾನ್ಯರನ್ನು ಕುರಿತ ಆಜ್ಞೆ ಒಂದು ಕಾಲಕ್ಕೆ, ಒಂದು ಜನಕ್ಕೆ ಸಂಬಂಧಪಟ್ಟುದು. ಹಳೆಯ ಕಾಲದ ಅಂಥ ದೃಷ್ಟಾಂತಗಳು ನಾವು ಬೆರಗಾಗಿ ನೋಡುವುದಕ್ಕೆ ಇರುವುವೇ ಹೊರತು ಅನುಕರಿಸುವುದಕ್ಕಲ್ಲ. ಕ್ರಿಸ್ತರು ತಮ್ಮವರನ್ನು ಕುರಿಗಳಂತೆ ಕಳುಹಿಸಿದರೇ ಹೊರತು ತೋಳಗಳಂತಲ್ಲ ಎಂಬುದು ಅವರ ನಿಲುವು. ಸಭೆ 1551ರಲ್ಲಿ ಮುಗಿಯಿತು. ತೀರ್ಪು ಮಾತ್ರ ಹೊರಬೀಳಲಿಲ್ಲ. ಲಾಸ್ ಕಾಸಾಸರೂ ನಿಷ್ಕಳಂಕರಲ್ಲ: ಮೂಲನಿವಾಸಿಗಳ ಬದಲು ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಒಮ್ಮೆ ಸಲಹೆ ಕೊಟ್ಟಿದ್ದರು, ಅದಕ್ಕಾಗಿ ಮುಂದೆ ತಾವೇ ಬರೆದು ಪಶ್ಚಾತ್ತಾಪಪಟ್ಟರು. ಅನ್ವೇಷಣೆಯ ಹಕ್ಕು ಎಂಬ ಹಳೆಯ ಸಿದ್ಧಾಂತ ಕಥೋಲಿಕ ಧರ್ಮಸಭೆಯ ಬೋಧನೆಯ ಭಾಗವಲ್ಲವೆಂದು ವ್ಯಾಟಿಕನ್ ಬಹಿರಂಗವಾಗಿ ನಿರಾಕರಿಸಿದ್ದು 2023ರ ಮಾರ್ಚ್ 30ರಂದು. ವಲ್ಲದೊಲಿದಿನಿಂದ ಅಲ್ಲಿಗೆ ನಾಲ್ಕು ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ!

ಯೆಹೂದ್ಯರ ವಿಷಯದಲ್ಲಿ ನಡೆದುದು ಇನ್ನೂ ನೋವಿನದು. ಪಿಲಾತನ ಮುಂದೆ ನೆರೆದ ಜನ, ಈ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಕೂಗಿದರೆಂಬ ಮತ್ತಾಯನ ಒಂದು ವಾಕ್ಯವನ್ನು ಇಡೀ ಜನಾಂಗದ ಮೇಲಿನ ಶಾಪವೆಂದು ಶತಮಾನಗಳ ಕಾಲ ಓದಲಾಯಿತು. ಪವಿತ್ರ ಶುಕ್ರವಾರದ ಪ್ರಾರ್ಥನೆಯಲ್ಲಿ ಅವರನ್ನು ವಿಶ್ವಾಸಹೀನರೆಂದು ಕರೆಯುತ್ತಿದ್ದ ಪದವನ್ನು ಜಗದ್ಗುರು ಇಪ್ಪತ್ತಮೂರನೆಯ ಜಾನ್ 1959ರಲ್ಲಿ ತೆಗೆಸಿದರು. 1965ರ ಅಕ್ಟೋಬರ್ 28ರಂದು ಮಹಾಸಭೆ, ಕ್ರಿಸ್ತರ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲೆ ವಿವೇಚನೆಯಿಲ್ಲದೆ ಹೊರಿಸಲಾಗದು, ಇಂದಿನವರ ಮೇಲಂತೂ ಹೊರಿಸಲೇ ಆಗದು, ಅವರು ದೇವರಿಂದ ಶಪಿತರೆಂದು ಪವಿತ್ರ ಗ್ರಂಥದಿಂದ ಬೋಧಿಸಲೂ ಕೂಡದು ಎಂದು ಸಾರಿತು. 2000ನೆಯ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಇಸ್ರಯೇಲ್ ಜನರಿಗೆ ವಿರುದ್ಧವಾಗಿ ಕ್ರೈಸ್ತರು ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಈ ನಡುವೆ ಪವಿತ್ರ ಗ್ರಂಥದ ಅಧ್ಯಯನವೇ ಬದಲಾಗಿತ್ತು. 1868ರಲ್ಲಿ ಯೊರ್ದಾನಿನ ಆಚೆ ದೀಬಾನ್ ಎಂಬಲ್ಲಿ ಮೋವಾಬಿನ ಅರಸ ಮೇಷನ ಶಿಲಾಶಾಸನ ದೊರೆಯಿತು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ್ದು. ನೆಬೋ ಪಟ್ಟಣದ ಏಳು ಸಾವಿರ ಜನರನ್ನು ಕೊಂದು ತನ್ನ ದೇವರಿಗೆ ಮೀಸಲಾಗಿಸಿದೆನೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಯೆಹೋಶುವನ ಗ್ರಂಥ ಬಳಸುವ 'ಹೇರೆಮ್' ಎಂಬ ಮಾತಿನ ಧಾತುವನ್ನೇ ಅವನೂ ಬಳಸುತ್ತಾನೆ. ಇಸ್ರಯೇಲ್ ಎಂದೆಂದಿಗೂ ನಾಶವಾಯಿತು ಎಂದೂ ಅವನು ಕೆತ್ತಿಸಿದ್ದಾನೆ; ಇಸ್ರಯೇಲ್ ನಾಶವಾಗಲಿಲ್ಲ ಎಂಬುದು ನಮಗೆ ಗೊತ್ತು. ಐಹೊಳೆಯ ಶಾಸನವನ್ನು ಓದಿದ ಕನ್ನಡಿಗರಿಗೆ ಅರಸರ ಪ್ರಶಸ್ತಿಯ ಭಾಷೆಯನ್ನು ವಿವರಿಸಬೇಕಾಗಿಲ್ಲ. ಯೆಹೋಶುವನು ಯಾರನ್ನೂ ಉಳಿಸಲಿಲ್ಲವೆಂದು ಒಂದು ಗ್ರಂಥ ಹೇಳಿದರೆ, ಅದರ ಮುಂದಿನ ನ್ಯಾಯಸ್ಥಾಪಕರ ಗ್ರಂಥ ತನ್ನ ಮೊದಲ ಅಧ್ಯಾಯದಲ್ಲಿಯೇ ಉಳಿದುಕೊಂಡ ಕಾನಾನ್ಯರ ಪಟ್ಟಿಯನ್ನು ಕೊಡುತ್ತದೆ. 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ, ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ ಹದಿಮೂರನೆಯ ಶತಮಾನಕ್ಕೆ ಸೇರಿದ ಕೋಟೆಯ ಗೋಡೆ ಕಾಣಲಿಲ್ಲ. ಅಷ್ಟರಿಂದ ನೈತಿಕ ಪ್ರಶ್ನೆ ತೀರಿತೆಂದು ಹೇಳುವವರೊಡನೆ ನಾವು ಒಪ್ಪುವುದಿಲ್ಲ. ಕೊಲೆ ನಡೆಯದೆ ಹೋಗಿದ್ದರೂ, ನಡೆಯಿತೆಂದು ಹೆಮ್ಮೆಯಿಂದ ಬರೆದ ಮನಸ್ಸು ಅಲ್ಲಿ ಇದ್ದೇ ಇದೆ.

ಆ ಮನಸ್ಸನ್ನು ದೇವರು ಹಂತಹಂತವಾಗಿ ತಿದ್ದಿದರು ಎಂಬುದೇ ಧರ್ಮಸಭೆಯ ಉತ್ತರ. ಪ್ರಾಚೀನರ ಬರವಣಿಗೆಯ ರೀತಿಗಳನ್ನು ಅರಿತೇ ಗ್ರಂಥವನ್ನು ಓದಬೇಕೆಂದು ಜಗದ್ಗುರು ಹನ್ನೆರಡನೆಯ ಪಿಯುಸರು 1943ರ ಸೆಪ್ಟೆಂಬರ್ 30ರ ವಿಶ್ವಪತ್ರದಲ್ಲಿ ಬೋಧಿಸಿದರು. ಮಹಾಸಭೆಯಲ್ಲಿ ಈ ವಿಷಯ ಸುಲಭವಾಗಿ ಮುಗಿಯಲಿಲ್ಲ. ದೈವಪ್ರಕಟಣೆಯನ್ನು ಕುರಿತ ಮೊದಲ ಕರಡಿನ ಚರ್ಚೆಯನ್ನು ನಿಲ್ಲಿಸಬೇಕೆಂದು 1962ರ ನವೆಂಬರ್ 20ರಂದು 1,368 ಪಿತೃಗಳು ಮತ ಹಾಕಿದರು, 822 ಮಂದಿ ಬೇಡವೆಂದರು. ಮೂರರಲ್ಲಿ ಎರಡು ಪಾಲು ಆಗಲಿಲ್ಲ. ಆದರೂ ಮರುದಿನ ಜಗದ್ಗುರು ಜಾನ್ ಅದನ್ನು ಹಿಂತೆಗೆಸಿ ಹೊಸದಾಗಿ ಬರೆಯಿಸಿದರು. ಮೂರು ವರ್ಷಗಳ ವಾಗ್ವಾದದ ತರುವಾಯ 1965ರ ನವೆಂಬರ್ 18ರಂದು 2,344 ಮತಗಳಿಂದ, ಕೇವಲ ಆರು ವಿರೋಧ ಮತಗಳೊಡನೆ, 'ದೇಯಿ ವೆರ್ಬುಮ್' ಅಂಗೀಕೃತವಾಯಿತು. ಹಳೆಯ ಒಡಂಬಡಿಕೆಯ ಗ್ರಂಥಗಳಲ್ಲಿ ಅಪೂರ್ಣವಾದುವೂ ತಾತ್ಕಾಲಿಕವಾದುವೂ ಉಂಟೆಂದು ಅದರ 15ನೆಯ ಪರಿಚ್ಛೇದ ಒಪ್ಪುತ್ತದೆ. ಅದೇ ಉಸಿರಿನಲ್ಲಿ ಅವು ದೇವರ ನಿಜವಾದ ಶಿಕ್ಷಣಕ್ರಮವನ್ನು ತೋರಿಸುತ್ತವೆಂದೂ, ಅವನ್ನು ಭಕ್ತಿಯಿಂದ ಸ್ವೀಕರಿಸಬೇಕೆಂದೂ ಹೇಳುತ್ತದೆ. ಗುರುಮಠದಲ್ಲಿ ಈ ಪರಿಚ್ಛೇದವನ್ನು ನಾವು ಓದಿದಾಗ ಅದು ಬಹಳ ಚಿಕ್ಕದೆನಿಸಿತ್ತು. ಇಂದು ಅದು ಮಾರ್ಸಿಯೋನನಿಗೂ ಎನ್ಸಿಸೊನಿಗೂ ಒಟ್ಟಿಗೆ ಕೊಟ್ಟ ಉತ್ತರದಂತೆ ಕಾಣುತ್ತದೆ.

ಹಾಗಾದರೆ ಶಾಪದ ಕೀರ್ತನೆಗಳನ್ನು ಪ್ರಾರ್ಥಿಸುವುದು ಹೇಗೆ? ಇಲ್ಲಿ ಧರ್ಮಸಭೆಯೊಳಗೇ ಭಿನ್ನಾಭಿಪ್ರಾಯ ಉಳಿದಿದೆ. ಜಗದ್ಗುರು ಆರನೆಯ ಪೌಲರ ಕಾಲದಲ್ಲಿ, 1971ರ ನೂತನ ಪ್ರಹರ ಪ್ರಾರ್ಥನೆಯಿಂದ 58, 83, 109ನೆಯ ಕೀರ್ತನೆಗಳನ್ನು ಪೂರ್ಣವಾಗಿಯೂ ಬೇರೆ ಕೆಲವು ಕೀರ್ತನೆಗಳ ವಾಕ್ಯಗಳನ್ನೂ ಬಿಡಲಾಯಿತು. ಪ್ರಾರ್ಥಿಸುವವರ ಮನಸ್ಸಿಗೆ ಆಗುವ ಕಷ್ಟವೇ ಕಾರಣವೆಂದು ತಿಳಿಸಲಾಯಿತು. ಬೈಬಲಿನಿಂದ ಮಾತ್ರ ಒಂದು ಅಕ್ಷರವನ್ನೂ ತೆಗೆಯಲಿಲ್ಲ. ಮನೆ ಸುಟ್ಟವರು, ಮಗನನ್ನು ಕಳೆದುಕೊಂಡವರು ತಮ್ಮ ರೋಷವನ್ನು ನೆರೆಯವನ ಮೇಲೆ ಸುರಿಯದೆ ದೇವರ ಮುಂದೆ ಸುರಿಯಲು ಈ ಕೀರ್ತನೆಗಳೇ ದಾರಿ ಎಂದು ವಾದಿಸುವ ಪಂಡಿತರಿದ್ದಾರೆ. ನಾವು ಆ ಪಕ್ಷದ ಕಡೆಗೇ ವಾಲುತ್ತೇವೆ. ಆದರೆ ಬೆಳಗಿನ ಪ್ರಾರ್ಥನೆಯಲ್ಲಿ ಅವು ಇಲ್ಲದಿರುವುದಕ್ಕೆ ದುಃಖಪಡುವುದಿಲ್ಲ.

ಈ ಚರ್ಚೆ ಪಂಡಿತರಿಗೆ ಮಾತ್ರ ಸೇರಿದುದೆಂದು ಭಾವಿಸಬಾರದು. ಮಗು ಸತ್ತ ಮನೆಗೆ ಹೋಗಿ, ಪಿತೃಗಳ ಪಾಪವನ್ನು ಮೂರು ನಾಲ್ಕು ತಲೆಮಾರಿನ ತನಕ ದೇವರು ವಿಚಾರಿಸುತ್ತಾರೆಂದು ವಿಮೋಚನಾ ಕಾಂಡದಲ್ಲಿ ಬರೆದಿಲ್ಲವೇ, ಇದು ನಿಮ್ಮ ಪೂರ್ವಜರ ಶಾಪ ಎಂದು ಹೇಳುವವರು ಇಂದಿಗೂ ಇದ್ದಾರೆ. ಇಂಥ ಮಾತನ್ನು ಕೇಳಿದ ತಾಯಂದಿರು ನಮ್ಮ ಬಳಿಗೆ ಬಂದು ಅತ್ತದ್ದುಂಟು. ಅವರ ಮುಂದೆ ನಾವು ಯೆಜೆಕಿಯೇಲನ 18ನೆಯ ಅಧ್ಯಾಯವನ್ನು ತೆರೆಯುತ್ತೇವೆ. ತಂದೆಯ ಪಾಪವನ್ನು ಮಗನು ಹೊರುವುದಿಲ್ಲವೆಂದು ಅಲ್ಲಿ ದೇವರೇ ಪ್ರವಾದಿಯ ಬಾಯಿಂದ ಆಡಿಸಿದ್ದಾರೆ; ಹಳೆಯ ಗಾದೆಯೊಂದನ್ನು ಇನ್ನು ಮೇಲೆ ಇಸ್ರಯೇಲಿನಲ್ಲಿ ಯಾರೂ ಎತ್ತಬಾರದೆಂದೂ ಹೇಳಿಸಿದ್ದಾರೆ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಕೇಳಿದ ಶಿಷ್ಯರಿಗೆ ಪ್ರಭು ಕೊಟ್ಟ ಉತ್ತರ ಯೊವಾನ್ನನ 9ನೆಯ ಅಧ್ಯಾಯದಲ್ಲಿದೆ. ಒಂದು ವಾಕ್ಯವನ್ನು ಕಿತ್ತು ತಂದು ಎದೆಗೆ ಚುಚ್ಚುವವರ ಮುಂದೆ ಇಡೀ ಗ್ರಂಥವನ್ನು ತೆರೆದಿಡುವುದೇ ನಮ್ಮ ಕೆಲಸ.

ಜಗದ್ಗುರು ಹದಿನಾರನೆಯ ಬೆನೆದಿಕ್ತರು 2010ರ 'ವೆರ್ಬುಮ್ ದೋಮಿನಿ' ಪತ್ರದಲ್ಲಿ ಈ ಭಾಗಗಳನ್ನು ಕತ್ತಲೆಯ ಪುಟಗಳೆಂದೇ ಕರೆದು, ಅವನ್ನು ಕಡೆಗಣಿಸದೆ ಕ್ರಿಸ್ತರ ಬೆಳಕಿನಲ್ಲಿ ಓದಲು ಭಕ್ತರಿಗೆ ನೆರವಾಗಬೇಕೆಂದು ಕುರುಬರನ್ನೂ ಪಂಡಿತರನ್ನೂ ಕೇಳಿಕೊಂಡಿದ್ದಾರೆ. ಅಂಥ ಓದಿಗೆ ಪೂಜಾವಿಧಿಯಲ್ಲಿಯೇ ಒಂದು ದೃಷ್ಟಾಂತವಿದೆ. ಯುದ್ಧದಲ್ಲಿ ಗೆದ್ದರೆ ಮನೆಯಿಂದ ಮೊದಲು ಎದುರುಬರುವುದನ್ನು ಬಲಿಕೊಡುವೆನೆಂದು ಹರಕೆ ಹೊತ್ತ ಯೆಫ್ತಾಹನಿಗೆ ತಾಳ ಹಿಡಿದು ಕುಣಿಯುತ್ತ ಎದುರುಬಂದವಳು ಅವನ ಒಬ್ಬಳೇ ಮಗಳು. ಹರಕೆ ಹೊತ್ತುದು ಅವಿವೇಕ, ತೀರಿಸಿದ್ದು ಅಧರ್ಮ ಎಂಬ ಪ್ರಾಚೀನರ ತೀರ್ಪನ್ನು ಸಂತ ಥಾಮಸ್ ಅಕ್ವಿನಾಸರು ಎತ್ತಿ ಹೇಳಿದ್ದಾರೆ. ಈ ಕಥೆಯನ್ನು ಧರ್ಮಸಭೆ ಬಚ್ಚಿಟ್ಟಿಲ್ಲ; ಬೆಸಸಂಖ್ಯೆಯ ವರ್ಷಗಳಲ್ಲಿ ಸಾಮಾನ್ಯ ಕಾಲದ 20ನೆಯ ವಾರದ ಗುರುವಾರ ಬಲಿಪೂಜೆಯಲ್ಲಿ ಅದನ್ನು ಓದಲಾಗುತ್ತದೆ. ಓದಿದವರು ಕುಳಿತ ಕೂಡಲೇ, ದೇವರು ಬಲಿಯನ್ನೂ ಕಾಣಿಕೆಯನ್ನೂ ಬಯಸಲಿಲ್ಲವೆಂದು ಹಾಡುವ 40ನೆಯ ಕೀರ್ತನೆಯನ್ನು ಇಡೀ ಸಭೆ ಹೇಳುತ್ತದೆ.